ಕುದಿಸಿದರೆ ಹೆಚ್ಚುವ ವಿಷ

ಬಾಣಂತಿಯನ್ನು ನೋಡಲು ಬಂದ ಹಿರಿಯರು ಹೇಳಿಹೋಗುವ ಹತ್ತಾರು ಬುದ್ಧಿಮಾತುಗಳಲ್ಲಿ ವೈದ್ಯರೂ ಮರುಮಾತಿಲ್ಲದೆ ಒಪ್ಪುವುದು ಒಂದಿದೆ: ಕುದಿಸಿ ಆರಿಸಿದ ನೀರನ್ನೇ ಬಳಸಿ. ಕಾಲರಾ, ಟೈಫಾಯ್ಡ್, ಕಾಮಾಲೆ, ಭೇದಿಗಳ ಮಟ್ಟಿಗೆ ಇದಕ್ಕಿಂತ ಒಳ್ಳೆಯ, ಇದಕ್ಕಿಂತ ಅಗ್ಗದ ಸಲಹೆ ಇಲ್ಲ. ಆದರೆ ಬಾವಿ ನೀರಿನ ನೈಟ್ರೇಟ್ ಎಂಬ ವಿಷಕ್ಕೆ ಇದು ನಡೆಯದು: ಕುದಿತಕ್ಕೆ ಸಾಯಲು ಅದು ಜೀವಿಯಲ್ಲ, ನೀರಿನಲ್ಲಿ ಕರಗಿರುವ ಲವಣ. ಲೀಟರಿಗೆ 60 ಮಿಲಿಗ್ರಾಂ ನೈಟ್ರೇಟ್ ಇರುವ ಒಂದು ಲೀಟರ್ ನೀರನ್ನು ಒಲೆಯ ಮೇಲಿಟ್ಟು ಮುಕ್ಕಾಲು ಲೀಟರಿಗೆ ಇಳಿಸಿ ನೋಡಿ. ಆವಿಯಾಗಿ ಹೋಗುವುದು ನೀರು ಮಾತ್ರ. ಪಾತ್ರೆಯಲ್ಲಿ ಉಳಿದ ನೀರಿನ ನೈಟ್ರೇಟ್ ಈಗ ಲೀಟರಿಗೆ 80 ಮಿಲಿಗ್ರಾಂ. ಮಗುವಿನ ಹಾಲಿನ ಪುಡಿ ಕಲಸಲೆಂದು ಎಚ್ಚರಿಕೆಯಿಂದ, ಹೆಚ್ಚು ಹೊತ್ತು ಕುದಿಸಿದ ತಾಯಿಯ ಪಾತ್ರೆಯಲ್ಲಿ ಅದು ಇನ್ನೂ ಹೆಚ್ಚಿರುತ್ತದೆ.

ಮನೆಯ ಉಳಿದ ಉಪಾಯಗಳೂ ಇದರ ಮುಂದೆ ನಡೆಯುವುದಿಲ್ಲ. ಬಟ್ಟೆಯಲ್ಲಿ ಸೋಸಿದರೆ ಹೋಗದು, ಕ್ಯಾಂಡಲ್ ಫಿಲ್ಟರಿನಲ್ಲಿ ನಿಲ್ಲದು, ಬ್ಲೀಚಿಂಗ್ ಪುಡಿಗೆ ಬಗ್ಗದು, ತಾಮ್ರದ ಬಿಂದಿಗೆಯಲ್ಲಿ ರಾತ್ರಿಯಿಡೀ ಇಟ್ಟರೂ ಇದ್ದಲ್ಲೇ ಇರುತ್ತದೆ. ಯುವಿ ದೀಪ ರೋಗಾಣುಗಳನ್ನು ಕೊಲ್ಲುತ್ತದೆ, ನೈಟ್ರೇಟನ್ನು ಮುಟ್ಟುವುದಿಲ್ಲ. ಗಡಸು ನೀರಾದರೆ ಹಂಡೆಯಲ್ಲಿ ಬಿಳಿ ಹಕ್ಕಳೆ ಕಟ್ಟಿ ಸುಳಿವು ಕೊಡುತ್ತದೆ. ಕಬ್ಬಿಣವಿದ್ದರೆ ಬಚ್ಚಲ ಕಲ್ಲು ಕೆಂಪಾಗುತ್ತದೆ. ಫ್ಲೋರೈಡ್ ಮಕ್ಕಳ ಹಲ್ಲಿನ ಮೇಲೆಯೇ ತನ್ನ ಸಹಿ ಹಾಕುತ್ತದೆ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ನಮ್ಮ ಬಾವಿಗಳಲ್ಲಿ ಸಿಗುವ ಮಟ್ಟದಲ್ಲಿ ರುಚಿಯೂ ಇಲ್ಲ. ಸಿಹಿನೀರಿನ ಬಾವಿ ಎಂದು ಊರಿಗೆಲ್ಲ ಹೆಸರಾದ ಬಾವಿಯಲ್ಲೂ ಅದು ಇರಬಹುದು.

ಇದು ಮನುಷ್ಯರಿಗೆ ಹಾನಿಕರ ಎಂದು ವೈದ್ಯಲೋಕಕ್ಕೆ ಸ್ಪಷ್ಟವಾಗಿ ತಿಳಿದದ್ದು 1945ರಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರ ಪುಟ್ಟ ಲೇಖನವೊಂದು ಪ್ರಕಟವಾಯಿತು. ಅಯೋವಾ ರಾಜ್ಯದ ಹೊಲಮನೆಗಳಿಂದ ಆಸ್ಪತ್ರೆಗೆ ಬಂದ ಹಸುಗೂಸುಗಳ ಕಥೆ ಅದು. ಮೈ ನೀಲಿಗಟ್ಟಿತ್ತು. ತುಟಿ, ಉಗುರುಗಳಲ್ಲಿ ಬೂದುಬಣ್ಣ. ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿರುವ ಮಕ್ಕಳೂ ಹೀಗೆಯೇ ನೀಲಿಗಟ್ಟುವುದರಿಂದ ಯಾವ ವೈದ್ಯರಾದರೂ ಮೊದಲು ಹೃದಯವನ್ನೇ ಶಂಕಿಸುತ್ತಾರೆ. ಆದರೆ ಸೂಜಿಯಲ್ಲಿ ಎಳೆದ ರಕ್ತ ಬೇರೆಯೇ ಕಥೆ ಹೇಳುತ್ತಿತ್ತು. ಅದು ಚಾಕೊಲೇಟಿನಂತೆ ಕಂದಾಗಿತ್ತು, ಗಾಳಿಗೆ ತೆರೆದಿಟ್ಟರೂ ಕೆಂಪಾಗಲಿಲ್ಲ. ಆ ಮನೆಗಳಲ್ಲಿ ಕೂಸಿಗೆ ಬಾವಿಯ ನೀರಿನಲ್ಲಿ ಕಲಸಿದ ಹಾಲು. ಬಾವಿಗಳೋ ಹಳೆಯವು, ಆಳವಿಲ್ಲದವು, ಕಟ್ಟೆ ಸರಿಯಿಲ್ಲದವು, ದನ-ಹಂದಿಗಳ ದೊಡ್ಡಿಗೆ ಹತ್ತಿರದವು. ನೀರನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ವಿಪರೀತ ನೈಟ್ರೇಟ್.

ಈ ಕಾಯಿಲೆಯ ವರ್ತನೆ ವಿಚಿತ್ರ. ಆಸ್ಪತ್ರೆಗೆ ಸೇರಿಸಿ ಅಲ್ಲಿನ ನೀರಿನಲ್ಲಿ ಹಾಲು ಕಲಸಿ ಕೊಟ್ಟರೆ ಮಗು ತಾನಾಗಿಯೇ ಚೇತರಿಸಿಕೊಳ್ಳಬಲ್ಲದು. ಎಲ್ಲ ಸರಿಹೋಯಿತೆಂದು ಮನೆಗೆ ಕರೆದೊಯ್ದರೆ ಮತ್ತೆ ಅದೇ ಬಾವಿ, ಮತ್ತೆ ಅದೇ ನೀಲಿ. ನಮ್ಮ ಹಳ್ಳಿಗಳಲ್ಲಾಗಿದ್ದರೆ ಮನೆಗೇ ದೃಷ್ಟಿ ತಗುಲಿದೆ ಎನ್ನುತ್ತಿದ್ದರೋ ಏನೋ. ಕಾಮ್ಲಿ ನೀರನ್ನು ಶಂಕಿಸಿದರು, ಅದಕ್ಕೊಂದು ಮಿತಿಯನ್ನೂ ಸೂಚಿಸಿದರು.

ನೈಟ್ರೇಟ್ ನೇರವಾಗಿ ರಕ್ತವನ್ನು ಕೆಡಿಸುವುದಿಲ್ಲ. ನೈಟ್ರೇಟ್ ಎಂದರೆ ಒಂದು ಸಾರಜನಕಕ್ಕೆ ಮೂರು ಆಮ್ಲಜನಕ. ಬ್ಯಾಕ್ಟೀರಿಯಾಗಳು ಅದರಿಂದ ಒಂದು ಆಮ್ಲಜನಕವನ್ನು ಕಿತ್ತುಕೊಂಡಾಗ ಉಳಿಯುವುದು ನೈಟ್ರೈಟ್. ತಂಟೆಕೋರ ಇದು. ನೈಟ್ರೈಟ್ ರಕ್ತಕ್ಕಿಳಿದು ಹಿಮೋಗ್ಲೋಬಿನ್ನಿನ ಒಡಲಲ್ಲಿರುವ ಕಬ್ಬಿಣದಿಂದ ಒಂದು ಎಲೆಕ್ಟ್ರಾನನ್ನು ಕಸಿಯುತ್ತದೆ. ಎರಡು ಧನ ಆವೇಶವಿದ್ದ ಕಬ್ಬಿಣ ಮೂರಕ್ಕೇರುತ್ತದೆ. ಹಿಮೋಗ್ಲೋಬಿನ್ ಈಗ ಮೆಟ್‌ಹಿಮೋಗ್ಲೋಬಿನ್ ಆಗಿದೆ. ಬಸ್ಸಿನ ಸೀಟಿನ ಮೇಲೆ ಯಾರೋ ಟವೆಲ್ ಹಾಕಿ ಹೋದ ಹಾಗೆ: ಸೀಟು ಇದೆ, ಬಸ್ಸೂ ಓಡುತ್ತಿದೆ, ಆದರೆ ಆಮ್ಲಜನಕಕ್ಕೆ ಅಲ್ಲಿ ಕೂರಲು ಜಾಗವಿಲ್ಲ. ಸಾಲದೆಂಬಂತೆ, ಪಕ್ಕದಲ್ಲಿ ಇನ್ನೂ ಸರಿಯಾಗಿರುವ ಕಬ್ಬಿಣವೂ ತಾನು ಹಿಡಿದ ಆಮ್ಲಜನಕವನ್ನು ಮೊದಲಿಗಿಂತ ಬಿಗಿಯಾಗಿ ಹಿಡಿದುಕೊಂಡು, ಅಂಗಾಂಶಗಳಿಗೆ ಇಳಿಸಲು ಹಿಂದೆಮುಂದೆ ನೋಡುತ್ತದೆ.

ಆರೋಗ್ಯವಂತರ ರಕ್ತದಲ್ಲೂ ಶೇ 1ರಷ್ಟು ಮೆಟ್‌ಹಿಮೋಗ್ಲೋಬಿನ್ ಸದಾ ಇರುತ್ತದೆ. ಕೆಂಪು ರಕ್ತಕಣದಲ್ಲಿರುವ ಒಂದು ಕಿಣ್ವ ಅದನ್ನು ಹಗಲಿರುಳು ರಿಪೇರಿ ಮಾಡುತ್ತಿರುತ್ತದೆ. ಅದು ಶೇ 10ರಿಂದ 15 ದಾಟಿದಾಗ ಮೈಬಣ್ಣ ಬದಲಾಗುತ್ತದೆ. ಇನ್ನೂ ಏರಿದರೆ ಸುಸ್ತು, ಏದುಸಿರು, ಮಂಪರು. ಶೇ 70ರ ಹತ್ತಿರ ಹೋದರೆ ಪ್ರಾಣವೇ ಹೋಗುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಮೆಟ್‌ಹಿಮೋಗ್ಲೋಬಿನ್ ಹೆಚ್ಚಾದಾಗ ಅದರ ಅಂಕಿ 85ರ ಸುತ್ತ ಸಿಕ್ಕಿಕೊಳ್ಳುತ್ತದೆ, ಒಳಗಿನ ಸ್ಥಿತಿ ಅದಕ್ಕಿಂತ ಕೆಟ್ಟಿದ್ದರೂ. ಆಮ್ಲಜನಕ ಕೊಟ್ಟರೂ ನೀಲಿ ಬಣ್ಣ ತಿಳಿಯಾಗುವುದಿಲ್ಲ. ವೈದ್ಯರಿಗೆ ಸುಳಿವು ಸಿಗಬೇಕಾದ್ದು ಅಲ್ಲಿಯೇ.

ಹಾಗಾದರೆ ಅದೇ ನೀರು ಕುಡಿದ ಅಪ್ಪ, ಅಮ್ಮ, ಅಜ್ಜಿಗೆ ಏನೂ ಆಗದೆ ಕೂಸಿಗೇ ಏಕೆ? ಆರು ತಿಂಗಳೊಳಗಿನ ಕೂಸಿನಲ್ಲಿ ಎಲ್ಲವೂ ನೈಟ್ರೇಟಿಗೆ ಅನುಕೂಲವಾಗಿಯೇ ಇದೆ. ಅದರ ಹೊಟ್ಟೆಯಲ್ಲಿ ಆಮ್ಲದ ತೀಕ್ಷ್ಣತೆ ಕಡಿಮೆಯಾದ್ದರಿಂದ ನೈಟ್ರೇಟನ್ನು ನೈಟ್ರೈಟಾಗಿಸುವ ಬ್ಯಾಕ್ಟೀರಿಯಾಗಳು ಮೇಲಿನ ಕರುಳಿನವರೆಗೂ ಬಂದು ನೆಲೆಸಬಲ್ಲವು. ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಇನ್ನೂ ರಕ್ತದಲ್ಲಿ ಉಳಿದಿರುತ್ತದೆ, ಅದು ಬೇಗ ಕೆಡುತ್ತದೆ. ರಿಪೇರಿ ಕಿಣ್ವದ ಶಕ್ತಿ ದೊಡ್ಡವರದ್ದರ ಅರ್ಧದಷ್ಟು. ಇವೆಲ್ಲಕ್ಕಿಂತ ಸರಳವಾದದ್ದು ನೀರಿನ ಲೆಕ್ಕ. ಪುಡಿ ಹಾಲನ್ನೇ ನೆಚ್ಚಿದ ನಾಲ್ಕು ಕಿಲೋ ತೂಕದ ಕೂಸು ದಿನಕ್ಕೆ ಸುಮಾರು 600 ಮಿಲಿಲೀಟರ್ ಕುಡಿಯುತ್ತದೆ, ಅಂದರೆ ಕಿಲೋ ತೂಕಕ್ಕೆ 150. ಅರವತ್ತು ಕಿಲೋದ ದೊಡ್ಡವರು ಎರಡು ಲೀಟರ್ ಕುಡಿದರೆ ಕಿಲೋಗೆ 33 ಮಾತ್ರ. ಮೈತೂಕಕ್ಕೆ ಹೋಲಿಸಿದರೆ ಮನೆಯಲ್ಲಿ ಅತಿ ಹೆಚ್ಚು ನೀರು ಕುಡಿಯುವುದು ತೊಟ್ಟಿಲಲ್ಲಿರುವ ಜೀವ.

ಇದರ ಮದ್ದು ಮಾತ್ರ ಚೋದ್ಯದ್ದು. ನೀಲಿಗಟ್ಟಿದ ಮಗುವಿಗೆ ಚುಚ್ಚುವುದು ಮೆಥಿಲೀನ್ ಬ್ಲೂ ಎಂಬ ಗಾಢ ನೀಲಿ ಬಣ್ಣದ ದ್ರಾವಣ. ಅದು ಕಬ್ಬಿಣಕ್ಕೆ ಎಲೆಕ್ಟ್ರಾನನ್ನು ಮರಳಿಸಲು ನೆರವಾಗುತ್ತದೆ, ಗಂಟೆಯೊಳಗೆ ಮೈ ಗುಲಾಬಿಗೆ ತಿರುಗುತ್ತದೆ. 1960ರ ದಶಕದಲ್ಲಿ ಮ್ಯಾಡಿಸನ್ ಕವೈನ್ ಎಂಬ ವೈದ್ಯರು ಕೆಂಟಕಿಯ ಬೆಟ್ಟಗಾಡಿನಲ್ಲಿ ತಲೆಮಾರುಗಳಿಂದ ನೀಲಿ ಮೈಯವರಾಗಿಯೇ ಬಾಳುತ್ತಿದ್ದ ಮನೆತನವೊಂದಕ್ಕೆ ಇದೇ ಔಷಧ ಕೊಟ್ಟು ಅವರ ಬಣ್ಣ ಬದಲಾಯಿಸಿದ್ದರು. ಅವರಲ್ಲಿ ರಿಪೇರಿ ಕಿಣ್ವದ್ದೇ ಆನುವಂಶಿಕ ಕೊರತೆಯಿತ್ತು, ನೀರಿನ ದೋಷವೇನೂ ಇರಲಿಲ್ಲ. ಔಷಧ ಇದೆಯೆಂದು ನಾವು ನಿಶ್ಚಿಂತರಾಗುವಂತಿಲ್ಲ. ಜಿ6ಪಿಡಿ ಎಂಬ ಇನ್ನೊಂದು ಕಿಣ್ವದ ಕೊರತೆ ಇರುವವರಿಗೆ ಇದೇ ಚುಚ್ಚುಮದ್ದು ರಕ್ತಕಣಗಳನ್ನು ಒಡೆದು ಅಪಾಯ ತರುತ್ತದೆ.

ಕಾಮ್ಲಿಯ ಲೇಖನದ ನಂತರ ಅಮೆರಿಕದ ನಾನಾ ರಾಜ್ಯಗಳಿಂದ ಇಂಥ ವರದಿಗಳು ಬರತೊಡಗಿದವು. 1951ರಲ್ಲಿ ವಾಲ್ಟನ್ ಎಂಬವರು ಅವನ್ನೆಲ್ಲ ಒಟ್ಟುಗೂಡಿಸಿದಾಗ 278 ಪ್ರಕರಣಗಳು, 39 ಸಾವುಗಳು ಲೆಕ್ಕಕ್ಕೆ ಸಿಕ್ಕವು. ನೀರಿನ ಅಳತೆ ಗೊತ್ತಿದ್ದ ಪ್ರಕರಣಗಳಲ್ಲಿ ಲೀಟರಿಗೆ 10 ಮಿಲಿಗ್ರಾಂಗಿಂತ ಕಡಿಮೆ ನೈಟ್ರೇಟ್-ಸಾರಜನಕ ಇದ್ದದ್ದು ಒಂದೂ ಇರಲಿಲ್ಲ. ಇಂದು ಜಗತ್ತು ಪಾಲಿಸುವ ಮಿತಿಗಳ ಮೂಲ ಅಲ್ಲಿದೆ. ಸಾರಜನಕದ ತೂಕವನ್ನಷ್ಟೇ ಲೆಕ್ಕ ಹಿಡಿದರೆ 10, ಇಡೀ ನೈಟ್ರೇಟಿನ ತೂಕ ಹಿಡಿದರೆ ಅದೇ ನೀರು 44 ಚಿಲ್ಲರೆ. ಭಾರತೀಯ ಮಾನಕ ಬ್ಯೂರೋ ಇದನ್ನು 45 ಎಂದಿಟ್ಟಿದೆ, ವಿಶ್ವ ಆರೋಗ್ಯ ಸಂಸ್ಥೆ 50 ಎಂದಿದೆ. ನಮ್ಮ ಮಾನಕದಲ್ಲಿ ಎಷ್ಟೋ ಲವಣಗಳಿಗೆ, ಬೇರೆ ನೀರಿನ ಮೂಲ ಇಲ್ಲದಿದ್ದರೆ ಇಷ್ಟರವರೆಗೆ ಪರವಾಗಿಲ್ಲ ಎಂಬ ಎರಡನೆಯ ಮಿತಿಯೊಂದಿದೆ. ನೈಟ್ರೇಟಿಗೆ ಆ ರಿಯಾಯಿತಿ ಇಲ್ಲ. ಪ್ರಯೋಗಾಲಯದ ಚೀಟಿ ಓದುವಾಗ ಒಂದು ಎಚ್ಚರ: ಅಂಕಿ ನೈಟ್ರೇಟಿನದೋ ನೈಟ್ರೇಟ್-ಸಾರಜನಕದ್ದೋ ಎಂದು ಕೇಳಿ. ಎರಡನೆಯದಾದರೆ 20 ಎಂಬ ಸಾಧುವಾಗಿ ಕಾಣುವ ಅಂಕಿ ನಮ್ಮ ಲೆಕ್ಕದಲ್ಲಿ 88.

ಈ ಮಿತಿಯ ಬಗ್ಗೆ ವಿಜ್ಞಾನಿಗಳಲ್ಲಿ ತಕರಾರಿದೆ, ಅದನ್ನು ಮುಚ್ಚಿಡಬಾರದು. ಹಳೆಯ ಪ್ರಕರಣಗಳ ಬಾವಿಗಳಲ್ಲಿ ನೈಟ್ರೇಟಿನ ಜೊತೆ ಸಗಣಿ ಗಂಜಲದ ರೋಗಾಣುಗಳೂ ಧಾರಾಳವಾಗಿದ್ದವು, ಎಷ್ಟೋ ಮಕ್ಕಳಿಗೆ ಭೇದಿಯೂ ಇತ್ತು. ಕರುಳು ಕೆರಳಿದಾಗ ದೇಹವೇ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ, ಅದರಿಂದಲೂ ಮೆಟ್‌ಹಿಮೋಗ್ಲೋಬಿನ್ ಏರುತ್ತದೆ. 1948ರಲ್ಲೇ ಕಾರ್ನ್‌ಬ್ಲಾತ್ ಮತ್ತು ಹಾರ್ಟ್‌ಮನ್ ಎಂಬವರು ಮಕ್ಕಳಿಗೆ ನೈಟ್ರೇಟ್ ಕೊಟ್ಟು ನೋಡಿದಾಗ (ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಪ್ರಯೋಗ) ಆರೋಗ್ಯವಂತ ಮಕ್ಕಳಲ್ಲಿ ದೊಡ್ಡ ಏರಿಕೆ ಕಾಣಲಿಲ್ಲ. ಹಾಗಾಗಿ ತಪ್ಪು ನೈಟ್ರೇಟಿನದಲ್ಲ, ಸೋಂಕಿನದು ಎನ್ನುವವರಿದ್ದಾರೆ. ನನಗೆ ಈ ವಾದ ನಮ್ಮ ದೇಶಕ್ಕೆ ಸಮಾಧಾನ ತರುವಂಥದ್ದಾಗಿ ಕಾಣುವುದಿಲ್ಲ. ನೈಟ್ರೇಟ್ ಮತ್ತು ರೋಗಾಣು ಜೊತೆಗೂಡಿದಾಗ ಅಪಾಯ ಎಂಬುದೇ ನಿಜವಾದರೆ, ಅವೆರಡೂ ಒಂದೇ ಗುಂಡಿಯಿಂದ ಒಂದೇ ಬಾವಿಗೆ ಇಳಿಯುವುದು ನಮ್ಮಲ್ಲೇ ಅಲ್ಲವೇ?

ನಮ್ಮಲ್ಲಿ ನೀಲಿ ಕೂಸುಗಳ ಸುದ್ದಿ ಕಡಿಮೆಯಾಗಿರುವುದಕ್ಕೆ ದೊಡ್ಡ ಕಾರಣ ಎದೆಹಾಲು. ತಾಯಿ ಕುಡಿದ ನೀರಿನ ನೈಟ್ರೇಟ್ ಹಾಲಿಗೆ ಅಷ್ಟಾಗಿ ಇಳಿಯುವುದಿಲ್ಲ. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ, ಒಂದು ಚಮಚ ನೀರನ್ನೂ ಕೊಡಬೇಡಿ ಎಂದು ಆಶಾ ಕಾರ್ಯಕರ್ತೆ ಹೇಳುವ ಮಾತು ಈ ವಿಷದಿಂದಲೂ ಕೂಸನ್ನು ಕಾಯುತ್ತದೆ. ಇನ್ನೊಂದು ಕಾರಣ ಅಷ್ಟು ಸಂತೋಷದ್ದಲ್ಲ. ಗೋಧಿ ಬಣ್ಣದ, ಕಪ್ಪು ಬಣ್ಣದ ಮೈಯಲ್ಲಿ ನೀಲಿ ಎದ್ದು ಕಾಣುವುದಿಲ್ಲ. ತುಟಿಯ ಒಳಭಾಗ, ನಾಲಗೆ, ಉಗುರುಬುಡ ನೋಡಬೇಕು. ನೋಡಿದರೂ ಭೇದಿಯಾಗಿ ಬಾಡಿದ ಕೂಸಿನ ರಕ್ತವನ್ನು ಮೆಟ್‌ಹಿಮೋಗ್ಲೋಬಿನ್ ಪರೀಕ್ಷೆಗೆ ಕಳಿಸುವ ತಾಲ್ಲೂಕು ಆಸ್ಪತ್ರೆ ಎಷ್ಟಿವೆ? ಹುಡುಕದ ಕಾಯಿಲೆ ದಾಖಲೆಗೆ ಬರುವುದಿಲ್ಲ.

ಇಷ್ಟಕ್ಕೂ ಕೂಸುಗಳದ್ದು ಮೊದಲ ಕಥೆ ಮಾತ್ರ. ದೊಡ್ಡವರ ಕಥೆ ನಿಧಾನದ್ದು, ಇನ್ನೂ ಪೂರ್ತಿ ಬರೆದಾಗಿಲ್ಲದ್ದು. ಇಲ್ಲಿ ಒಂದು ಒಗಟು ಎದುರಾಗುತ್ತದೆ. ನಾವು ತಿನ್ನುವ ನೈಟ್ರೇಟಿನ ಬಹುಪಾಲು ನೀರಿನಿಂದ ಬರುವುದಲ್ಲ, ಸೊಪ್ಪು ತರಕಾರಿಗಳಿಂದ ಬರುವುದು. ಪಾಲಕ್, ದಂಟು, ಬೀಟ್‌ರೂಟ್, ಮೂಲಂಗಿ ಎಲ್ಲದರಲ್ಲೂ ಅದು ಹೇರಳ. ಬೀಟ್‌ರೂಟ್ ರಸ ಕುಡಿದರೆ ರಕ್ತದೊತ್ತಡ ಇಳಿಯುವುದೂ ಈ ನೈಟ್ರೇಟಿನಿಂದಲೇ. ಜೊಲ್ಲಿನ ಮೂಲಕ ಅದು ಬಾಯಿಗೆ ಮರಳುತ್ತದೆ, ನಾಲಗೆಯ ಮೇಲಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ, ದೇಹ ಅದರಿಂದ ನೈಟ್ರಿಕ್ ಆಕ್ಸೈಡ್ ಮಾಡಿಕೊಂಡು ರಕ್ತನಾಳಗಳನ್ನು ಸಡಿಲಿಸುತ್ತದೆ. ನೈಟ್ರಿಕ್ ಆಕ್ಸೈಡಿನ ಈ ಕೆಲಸವನ್ನು ಪತ್ತೆಮಾಡಿದ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂದಿದೆ. ಸೊಪ್ಪಿನಲ್ಲಿದ್ದರೆ ಒಳ್ಳೆಯದು, ಕೊಡದಲ್ಲಿದ್ದರೆ ಕೆಟ್ಟದ್ದು ಎಂದರೆ ಯಾರು ನಂಬುತ್ತಾರೆ?

ಅದು ಯಾರ ಜೊತೆ ಹೊಟ್ಟೆಗಿಳಿಯುತ್ತದೆ ಎಂಬುದರಲ್ಲಿ ಉತ್ತರವಿದೆ. ನೈಟ್ರೈಟ್ ಹೊಟ್ಟೆಯ ಆಮ್ಲದಲ್ಲಿ ಪ್ರೋಟೀನಿನ ತುಣುಕುಗಳೊಡನೆ ಸೇರಿದರೆ ನೈಟ್ರೋಸೊ ಸಂಯುಕ್ತಗಳು ಹುಟ್ಟುತ್ತವೆ. ಇವುಗಳಲ್ಲಿ ಹಲವು ಪ್ರಾಣಿಗಳಲ್ಲಿ ಕ್ಯಾನ್ಸರ್ ತರಿಸುತ್ತವೆ. ಸೊಪ್ಪಿನಲ್ಲಿ ನೈಟ್ರೇಟಿನ ಜೊತೆಗೇ ಸಿ ಜೀವಸತ್ವ ಮತ್ತಿತರ ವಸ್ತುಗಳಿದ್ದು ಈ ಕೂಡಾಟವನ್ನು ತಡೆಯುತ್ತವೆ. ನೀರಿನಲ್ಲಿ ತಡೆಯುವವರು ಯಾರೂ ಇಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬಳಸಿದ ಮಾತು ಅಳೆದು ತೂಗಿದ್ದು: ದೇಹದೊಳಗೆ ನೈಟ್ರೋಸೊ ಸಂಯುಕ್ತಗಳು ಹುಟ್ಟುವಂಥ ಪರಿಸ್ಥಿತಿಯಲ್ಲಿ ಸೇವಿಸಿದ ನೈಟ್ರೇಟ್, ನೈಟ್ರೈಟ್‌ಗಳು ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ.

2018ರಲ್ಲಿ ಡೆನ್ಮಾರ್ಕಿನಿಂದ ಬಂದ ಅಧ್ಯಯನ ಈ ಚರ್ಚೆಗೆ ತೂಕ ತಂದಿತು. ಆ ದೇಶದಲ್ಲಿ ಯಾರು ಯಾವ ವಿಳಾಸದಲ್ಲಿ ಎಷ್ಟು ವರ್ಷ ಇದ್ದರು, ಅಲ್ಲಿನ ನಲ್ಲಿ ನೀರಿನಲ್ಲಿ ಏನಿತ್ತು, ಅವರಿಗೆ ಯಾವ ಕಾಯಿಲೆ ಬಂತು ಎಲ್ಲಕ್ಕೂ ದಾಖಲೆ ಇದೆ. 27 ಲಕ್ಷ ಜನರ ಲೆಕ್ಕ ತೆಗೆದಾಗ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ, ನೀರಿನ ನೈಟ್ರೇಟ್ ಲೀಟರಿಗೆ 3.87 ಮಿಲಿಗ್ರಾಂ ದಾಟಿದವರಲ್ಲಿ ಹೆಚ್ಚಿತ್ತು. ಅತಿ ಹೆಚ್ಚು ನೈಟ್ರೇಟ್ ಕುಡಿದ ಗುಂಪಿನಲ್ಲಿ ಅತಿ ಕಡಿಮೆ ಕುಡಿದವರಿಗಿಂತ ಶೇ 16ರಷ್ಟು ಜಾಸ್ತಿ. ಶೇ 16 ದೊಡ್ಡ ಏರಿಕೆಯಲ್ಲ, ಸಿಗರೇಟಿನ ಮುಂದೆ ಏನೂ ಅಲ್ಲ. ಒಂದು ಅಧ್ಯಯನದ ಮೇಲೆ ಕಾನೂನು ಬದಲಿಸುವುದೂ ಸಲ್ಲ. ಆದರೆ ನಮ್ಮ 45ರ ಮಿತಿ ನೀಲಿ ಕೂಸುಗಳನ್ನು ಉಳಿಸಲು ಹಾಕಿದ ಗೆರೆ. ಮೂವತ್ತು ವರ್ಷ ಅದೇ ನೀರು ಕುಡಿಯುವವರ ಕರುಳನ್ನು ಯಾರೂ ಆಗ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಥೈರಾಯ್ಡ್ ಗ್ರಂಥಿಯದ್ದೂ ಒಂದು ತಕರಾರಿದೆ. ಅಯೋಡಿನ್ ಗ್ರಂಥಿಯೊಳಗೆ ಹೋಗುವ ಬಾಗಿಲಲ್ಲೇ ನೈಟ್ರೇಟೂ ನುಗ್ಗಲು ನೋಡುತ್ತದೆ. ಅಯೋಡಿನ್ ಮೊದಲೇ ಕಡಿಮೆ ಇರುವವರಿಗೆ, ಅದರಲ್ಲೂ ಗರ್ಭಿಣಿಯರಿಗೆ, ಇದು ಉಪೇಕ್ಷಿಸುವ ವಿಷಯವಲ್ಲ.

ಇಷ್ಟೊಂದು ನೈಟ್ರೇಟ್ ಬರುವುದಾದರೂ ಎಲ್ಲಿಂದ? ಹಳ್ಳಿಯ ಮಣ್ಣಿನಲ್ಲಿ ಅದು ಹೊಸದಲ್ಲ. ದನ ಕಟ್ಟುವ ಜಾಗದ, ಹಳೇ ಗೋಡೆಗಳ ಬುಡದ ಮಣ್ಣಿನಿಂದ ಪೆಟ್ಲುಪ್ಪು ತೆಗೆಯುವ ಕಸುಬು ಈ ದೇಶದಲ್ಲಿ ಶತಮಾನಗಳ ಕಾಲ ನಡೆದಿದೆ. ಆ ಉಪ್ಪು ಪೊಟ್ಯಾಸಿಯಂ ನೈಟ್ರೇಟ್, ಟಿಪ್ಪುವಿನ ರಾಕೆಟ್ಟುಗಳ ಮದ್ದಿಗೂ ಬೇಕಾಗಿದ್ದದ್ದು ಅದೇ. ಗಂಜಲ, ಸಗಣಿ, ಸತ್ತ ಎಲೆ ಯಾವುದೇ ಇರಲಿ, ಅದರ ಸಾರಜನಕ ಮಣ್ಣಿನ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಅಮೋನಿಯಾ ಆಗಿ, ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗುತ್ತದೆ. ಗಿಡಕ್ಕೆ ಬೇಕಾದ್ದೂ ನೈಟ್ರೇಟೇ. ತೊಡಕು ಎಂದರೆ ಜೇಡಿಮಣ್ಣಿನ ಕಣಗಳ ಮೇಲೆ ಋಣ ಆವೇಶವಿದೆ, ನೈಟ್ರೇಟಿನದೂ ಋಣ ಆವೇಶ. ಮಣ್ಣು ಅಮೋನಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ನೈಟ್ರೇಟನ್ನು ದೂಡುತ್ತದೆ. ಬೇರು ಹೀರಿ ಉಳಿದದ್ದು ಮುಂದಿನ ಮಳೆಯ ಜೊತೆ ಕೆಳಗಿಳಿಯುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಿಟ್ಜ್ ಹೇಬರ್, ಕಾರ್ಲ್ ಬಾಷ್ ಅವರು ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುವ ದಾರಿ ಕಂಡುಕೊಂಡ ಮೇಲೆ ಈ ಚಕ್ರಕ್ಕೆ ಹೊರಗಿನಿಂದ ಸುರಿಯುವುದು ಶುರುವಾಯಿತು. ಅದಿಲ್ಲದಿದ್ದರೆ ಇಂದಿನ ಜನಸಂಖ್ಯೆಗೆ ಅನ್ನವಿರುತ್ತಿರಲಿಲ್ಲ ಎಂಬುದೂ ನಿಜ. ಭಾರತ ಈಗ ವರ್ಷಕ್ಕೆ 350 ಲಕ್ಷ ಟನ್‌ಗೂ ಹೆಚ್ಚು ಯೂರಿಯಾ ಬಳಸುತ್ತದೆ. ಯೂರಿಯಾದ ತೂಕದಲ್ಲಿ ಶೇ 46 ಸಾರಜನಕ. 45 ಕಿಲೋದ ಒಂದು ಚೀಲದಲ್ಲಿ 20 ಕಿಲೋಗಿಂತ ತುಸು ಹೆಚ್ಚು. ಅಷ್ಟೂ ನೈಟ್ರೇಟಾಗಿ ಅಂತರ್ಜಲಕ್ಕೆ ಇಳಿಯಿತೆಂದುಕೊಳ್ಳಿ, 20 ಲಕ್ಷ ಲೀಟರ್ ಶುದ್ಧ ನೀರನ್ನು 45ರ ಗೆರೆಗೆ ತಂದು ನಿಲ್ಲಿಸಲು ಆ ಒಂದು ಚೀಲ ಸಾಕು. ಅಷ್ಟೂ ಇಳಿಯುವುದಿಲ್ಲ, ಬೆಳೆ ಒಂದಿಷ್ಟು ಹೀರುತ್ತದೆ, ಒಂದಿಷ್ಟು ಗಾಳಿಗೆ ಹೋಗುತ್ತದೆ. ಆದರೆ ಸಹಾಯಧನದಿಂದಾಗಿ ಚೀಲ ಮುನ್ನೂರು ರೂಪಾಯಿಗೂ ಕಡಿಮೆಗೆ ಸಿಗುತ್ತದೆ, ಪೊಟ್ಯಾಷ್, ಡಿಎಪಿ ದುಬಾರಿ. ಎಲೆ ಹಸಿರಾಗಿ ಕಾಣಲಿ ಎಂದು ಇನ್ನೊಂದು ಚೀಲ ಎರಚುವ ರೈತನನ್ನು ದೂರುವುದಕ್ಕೆ ಮುಂಚೆ ಈ ಬೆಲೆಯನ್ನು ಯಾರು ನಿಗದಿ ಮಾಡಿದರು ಎಂದು ಕೇಳಬೇಕು.

ಯೂರಿಯಾ ಒಂದನ್ನೇ ಬೈದು ಮುಗಿಸುವಂತಿಲ್ಲ. ನಮ್ಮ ಮೂತ್ರ, ಮಲದಲ್ಲಿ ಒಬ್ಬೊಬ್ಬರಿಂದಲೂ ವರ್ಷಕ್ಕೆ ಮೂರು ನಾಲ್ಕು ಕಿಲೋ ಸಾರಜನಕ ಹೋಗುತ್ತದೆ. ಐದು ಜನರ ಮನೆಯ ಶೌಚದ ಗುಂಡಿಗೆ ವರ್ಷಕ್ಕೆ ಬೀಳುವ ಸಾರಜನಕ, ಹೆಚ್ಚುಕಡಿಮೆ ಒಂದು ಚೀಲ ಯೂರಿಯಾದಷ್ಟು! ಹೊಲದಲ್ಲಾದರೆ ಅದು ಎಕರೆಗಟ್ಟಲೆ ಹರಡಿರುತ್ತದೆ, ಹೀರಲು ಬೇರುಗಳಿರುತ್ತವೆ. ಇಲ್ಲಿ ಎಲ್ಲ ಒಂದೇ ಕಡೆ ಇಳಿಯುತ್ತದೆ, ನಾಲ್ಕಾರು ಮಾರು ದೂರದಲ್ಲಿ ಬೋರ್‌ವೆಲ್ ಇರುತ್ತದೆ. ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸುಧಾಕರ ರಾವ್ ಮತ್ತು ಸಂಗಡಿಗರು ಅಧ್ಯಯನ ಮಾಡಿದ್ದು ಇದನ್ನೇ. ಗುಂಡಿ ಶೌಚಾಲಯಗಳಿಂದ ಸೋರಿದ ದ್ರವ ಆ ಪಟ್ಟಣದ ಅಂತರ್ಜಲದ ನೈಟ್ರೇಟನ್ನು ಏರಿಸಿತ್ತು. ಗುಂಡಿಯ ತಳದಲ್ಲೇ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುವಂತೆ ಶೌಚಾಲಯದ ವಿನ್ಯಾಸ ಬದಲಿಸುವ ಪ್ರಯತ್ನವನ್ನೂ ಅವರು ಮಾಡಿದರು. ಇದನ್ನು ಓದಿ ಯಾರೂ ಶೌಚಾಲಯವೇ ಬೇಡವೆನ್ನಬಾರದು. ಬಯಲಿಗೆ ಹೋಗುವುದಕ್ಕಿಂತ ಗುಂಡಿ ಸಾವಿರ ಪಾಲು ಮೇಲು. ಆದರೆ ಸಿಮೆಂಟ್ ರಿಂಗುಗಳನ್ನು ಹದಿನೈದು ಇಪ್ಪತ್ತು ಅಡಿ ಇಳಿಸಿ, ತುಂಬುವುದೇ ಇಲ್ಲ ನೋಡಿ ಎಂದು ಹೆಮ್ಮೆಪಡುವ ಗುಂಡಿ, ತುಂಬದೆ ಎಲ್ಲಿಗೆ ಹೋಗುತ್ತಿದೆ ಎಂದು ಯೋಚಿಸಬೇಕು. ಆಳ ಕಡಿಮೆಯಿರುವ ಅವಳಿ ಗುಂಡಿಯನ್ನು ತಜ್ಞರು ಹೇಳಿದ್ದು ಸುಮ್ಮನೆ ಅಲ್ಲ.

ಕೇಂದ್ರ ಅಂತರ್ಜಲ ಮಂಡಳಿಯ 2024ರ ವಾರ್ಷಿಕ ವರದಿಯ ಪ್ರಕಾರ ದೇಶದಲ್ಲಿ ಪರೀಕ್ಷಿಸಿದ ಅಂತರ್ಜಲದ ಮಾದರಿಗಳಲ್ಲಿ ಸುಮಾರು ಶೇ 20 ನೈಟ್ರೇಟಿನ ಮಿತಿ ಮೀರಿದ್ದವು. 440 ಜಿಲ್ಲೆಗಳಲ್ಲಿ ಸಮಸ್ಯೆ ಇದೆ. ರಾಜಸ್ಥಾನದಲ್ಲಿ ಶೇ 49, ಅದರ ಬೆನ್ನಿಗೇ ಕರ್ನಾಟಕ, ಶೇ 48. ತಮಿಳುನಾಡು ಶೇ 37. ಮಾದರಿಗಳ ಅರ್ಧ ಎಂದರೆ ಜನರ ಅರ್ಧ ಎಂದಲ್ಲ, ಕಾವೇರಿ ನೀರು ಕುಡಿಯುವವರು ಇದರಲ್ಲಿ ಬರುವುದಿಲ್ಲ. ಆದರೂ ಮರಳುಗಾಡಿನ ರಾಜ್ಯದ ಸಾಲಿನಲ್ಲಿ ನಾವು ನಿಂತಿದ್ದೇವೆ. ಬಯಲುಸೀಮೆಯ ನೆಲದಡಿ ಗಟ್ಟಿ ಬಂಡೆ. ನೀರು ಇರುವುದು ಅದರ ಬಿರುಕುಗಳಲ್ಲಿ, ಮೇಲಿನ ತೆಳು ಗರಸಿನ ಪದರದಲ್ಲಿ. ಬಿರುಕು ಸಿಕ್ಕರೆ ನೈಟ್ರೇಟ್ ಸೋಸುವ ಮಣ್ಣಿನ ಗೊಡವೆಯಿಲ್ಲದೆ ಇಳಿದುಬಿಡುತ್ತದೆ. ಬೋರ್‌ವೆಲ್ ಕೊರೆಸುವಾಗ ನಾಲ್ಕು ಕಾಸು ಉಳಿಸಲು ಕೇಸಿಂಗ್ ಪೈಪನ್ನು ಗಿಡ್ಡವಾಗಿ ಇಳಿಸಿ ಸುತ್ತ ಸಿಮೆಂಟ್ ತುಂಬದೆ ಬಿಟ್ಟರೆ, ತಿಪ್ಪೆಯ ನೀರು ಮಳೆಗಾಲದಲ್ಲಿ ಆ ಸಂದಿನಲ್ಲೇ ಸಾವಿರ ಅಡಿಗೆ ದಾರಿ ಹುಡುಕುತ್ತದೆ.

ಒಮ್ಮೆ ಇಳಿದದ್ದನ್ನು ತೆಗೆಯುವುದು ಹಣದ ಮಾತು. ಕಾಮ್ಲಿಯ ಅಯೋವಾದಲ್ಲೇ ನೋಡಿ. ರಾಜಧಾನಿ ಡಿ ಮೋಯ್ನ್ ನಗರ ಎರಡು ನದಿಗಳ ನೀರು ಕುಡಿಯುತ್ತದೆ. ಮೆಕ್ಕೆಜೋಳದ ಹೊಲಗಳ ಅಡಿಯಲ್ಲಿ ಹೂತ ಬಸಿಗಾಲುವೆ ಕೊಳವೆಗಳು ನೈಟ್ರೇಟನ್ನು ಸೀದಾ ನದಿಗೆ ತಲುಪಿಸುತ್ತವೆ. 1990ರ ದಶಕದ ಆರಂಭದಲ್ಲೇ ನಗರ ದೊಡ್ಡದೊಂದು ನೈಟ್ರೇಟ್ ನಿವಾರಣಾ ಘಟಕ ಕಟ್ಟಿತು. ಅದನ್ನು ನಡೆಸಲು ದಿನಕ್ಕೆ ಸಾವಿರಾರು ಡಾಲರ್. 2015ರಲ್ಲಿ ಮೇಲ್ದಂಡೆಯ ಬಸಿಗಾಲುವೆ ಮಂಡಳಿಗಳ ಮೇಲೆ ದಾವೆ ಹೂಡಿತು, 2017ರಲ್ಲಿ ಅದು ವಜಾ ಆಯಿತು. 2025ರ ಜೂನಿನಲ್ಲಿ ನೈಟ್ರೇಟ್ ಎಷ್ಟು ಏರಿತೆಂದರೆ, ಘಟಕದ ಮೇಲಿನ ಹೊರೆ ಇಳಿಸಲು ಹುಲ್ಲುಹಾಸಿಗೆ ನೀರು ಬಿಡುವುದನ್ನೇ ನಿಷೇಧಿಸಬೇಕಾಯಿತು. ಲೋಕಕ್ಕೆ ನೀಲಿ ಕೂಸಿನ ಎಚ್ಚರಿಕೆ ಕೊಟ್ಟ ಶ್ರೀಮಂತ ರಾಜ್ಯ ಎಂಬತ್ತು ವರ್ಷವಾದರೂ ಅಲ್ಲೇ ನಿಂತಿದೆ. ಡೆನ್ಮಾರ್ಕ್ ಬೇರೆ ದಾರಿ ಹಿಡಿಯಿತು. 1980ರ ದಶಕದಿಂದ ರೈತರು ಹಾಕುವ ಸಾರಜನಕಕ್ಕೇ ಲೆಕ್ಕ ಕೇಳತೊಡಗಿತು, ಗೊಬ್ಬರ ಶೇಖರಿಸಿಟ್ಟು ಬೆಳೆ ಹೀರುವ ಕಾಲದಲ್ಲೇ ಹಾಕಬೇಕೆಂದಿತು. ಇಳುವರಿ ಕುಸಿಯಲಿಲ್ಲ, ಅಂತರ್ಜಲದ ನೈಟ್ರೇಟ್ ಇಳಿಮುಖವಾಯಿತು.

ನಮ್ಮ ಊರುಗಳಲ್ಲಿ ಸದ್ಯಕ್ಕೆ ಇರುವುದು ಶುದ್ಧ ನೀರಿನ ಘಟಕ, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಆರ್‌ಒ. ಅದರ ಪೊರೆ ನೈಟ್ರೇಟನ್ನು ತಡೆಯುತ್ತದೆ, ಪೊರೆಯನ್ನು ಕಾಲಕಾಲಕ್ಕೆ ಬದಲಿಸಿದರೆ. ಆದರೆ ತಡೆದ ನೈಟ್ರೇಟ್ ಮಾಯವಾಗುವುದಿಲ್ಲ. ಘಟಕದ ಹಿಂದಿನ ಚರಂಡಿಗೆ ಹೋಗುವ ತಿರಸ್ಕೃತ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗಿ ಇರುತ್ತದೆ, ಮತ್ತೆ ಅದೇ ನೆಲಕ್ಕೆ ಇಂಗುತ್ತದೆ. ಆ ನೀರನ್ನು ಅಳತೆಯಿಂದ ತೆಂಗಿಗೋ ಮೇವಿನ ಹುಲ್ಲಿಗೋ ಬಿಟ್ಟರೆ ಬೇರು ಒಂದಿಷ್ಟನ್ನಾದರೂ ಹೀರುತ್ತದೆ. ಉಪ್ಪಿನಂಶವೂ ಇರುವುದರಿಂದ ಮಣ್ಣಿನ ಮೇಲೆ ಕಣ್ಣಿಟ್ಟಿರಬೇಕು.

ನೀವು ಬೋರ್‌ವೆಲ್ ಅಥವಾ ಬಾವಿಯ ನೀರು ಕುಡಿಯುವವರಾದರೆ ಒಂದು ಕೆಲಸ ಮಾಡಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ ನೀರನ್ನು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇದ್ದರೆ ಅದರಿಂದಲೂ ಅಂದಾಜು ಸಿಗುತ್ತದೆ. ಅಂಕಿ 45 ದಾಟಿದ್ದು, ಮನೆಯಲ್ಲಿ ಆರು ತಿಂಗಳೊಳಗಿನ ಕೂಸು ಇದ್ದು, ಅದಕ್ಕೆ ಎದೆಹಾಲು ಸಾಲದೆ ಪುಡಿ ಹಾಲು ಕೊಡಲೇಬೇಕಾಗಿದ್ದರೆ ಆ ನೀರಿನಲ್ಲಿ ಕಲಸಬೇಡಿ, ಕುದಿಸಿಯೂ ಕಲಸಬೇಡಿ. ಆರ್‌ಒ ನೀರು ಅಥವಾ ನದಿ ಮೂಲದ ನಲ್ಲಿ ನೀರು ತಂದು, ಕುದಿ ಬಂದೊಡನೆ ಇಳಿಸಿ, ಆರಿಸಿ ಬಳಸಿ. ಕೂಸಿನ ತುಟಿ, ಉಗುರು ಬೂದುಗಟ್ಟಿದರೆ ಆಸ್ಪತ್ರೆಗೆ ಓಡಿ, ಮನೆಯಲ್ಲಿ ಬೋರ್‌ವೆಲ್ ನೀರು ಕೊಡುತ್ತಿದ್ದೇವೆ ಎಂದು ವೈದ್ಯರು ಕೇಳದಿದ್ದರೂ ಹೇಳಿ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರಿನ ಪ್ರತಿ ಕುಡಿಯುವ ನೀರಿನ ಮೂಲದ ನೈಟ್ರೇಟ್ ಅಂಕಿ ಎಷ್ಟೆಂದು ಕೇಳಿ, ಅದನ್ನು ಟ್ಯಾಂಕಿನ ಗೋಡೆಯ ಮೇಲೆ ತಾರೀಖಿನ ಸಮೇತ ಬರೆಸಿ.